ಕಾಳೀ ನದಿಯ ತೀರದಲ್ಲಿ ಎರಡು ದಿನ

ರಬ್ಬರು ತೆಪ್ಪವನ್ನೇರಿ ಬಂಡೆಗಳ ನಡುವಣ ಸೆಳವಿನಲ್ಲಿ ಇಳಿದು ಸಾಗುವ ವಿನೋದವು ನಮ್ಮ ನಾಡಿನಲ್ಲಿಯೂ ಬಳಕೆಗೆ ಬಂದಿದೆ. ಇದಕ್ಕಾಗಿ ಶನಿವಾರ ಭಾನುವಾರಗಳ ಬಿಡುವಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಗೆ ಹೊರಡಲೆಳಸುವ ವಾಚಕರು ಮುಂಚಿತವಾಗಿ ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆವು.

ಕಾಳಿಯ ಈ ಭಾಗದ ಹರಿವು ಮಳೆರಾಯನ ಕೈಯಲ್ಲಿಲ್ಲ, ವಿದ್ಯುಚ್ಛಕ್ತಿಯ ಕೈಯಲ್ಲಿದೆ. ಗಣೇಶಗುಡಿಯ ಬಳಿ ನದಿಗೆ ಅಡ್ಡಲಾಗಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. (ಹಳೆಯ ಸೂಪಾ ಊರು ಅದರ ನೀರಿನಲ್ಲಿ ಮುಳುಗಿಹೋಯಿತು, ತಾಲೂಕಿಗೆ ಈಗ ಜೋಯಿಡಾ ಎಂದು ಹೆಸರು.) ಕಟ್ಟೆಯ ಬುಡದಲ್ಲಿರುವ ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ಹೊರಬೀಳುವ ನೀರೇ ತೆಪ್ಪಕ್ಕೆ ಆಧಾರ. ಯಂತ್ರಗಳು ನಿಂತರೆ ಬಂಡೆಗಳು ತಲೆಯೆತ್ತುವುವು. ಆದುದರಿಂದಲೇ ಬೇರೆ ಹೊಳೆಗಳು ಸೊರಗುವ ಬೇಸಗೆಯಲ್ಲಿಯೂ ಇಲ್ಲಿ ತೆಪ್ಪವಿಳಿಸುವುದು ಸಾಧ್ಯ. ಮಳೆಗಾಲದಲ್ಲಿ ಮಾತ್ರ ನಿಲ್ಲಿಸುವರು. ಹೊರಡುವ ಮುನ್ನ ನೀರು ಬಿಡುವ ವೇಳೆಯನ್ನು ವಿಚಾರಿಸಿ, ಶನಿವಾರ ಬೆಳಗಿನ ಸರದಿಯನ್ನೇ ಗೊತ್ತುಮಾಡಿಕೊಳ್ಳುವುದು ಲೇಸು. ಅಂದು ನೀರು ಬಾರದಿದ್ದರೆ ಭಾನುವಾರವಾದರೂ ಕೈಯಲ್ಲಿರುವುದು.

ಬೆಂಗಳೂರಿನವರು ಶುಕ್ರವಾರ ರಾತ್ರಿಯ ರೈಲಿನಲ್ಲಿ ಧಾರವಾಡಕ್ಕೆ ಬಂದು, ಹಳಿಯಾಳದ ಮಾರ್ಗವಾಗಿ ಬಸ್ಸಿನಲ್ಲಿ ದಾಂಡೇಲಿಯನ್ನು ಸೇರಬಹುದು. ಗಣೇಶಗುಡಿ ಇನ್ನೂ ಮುಂದಿದೆ, ಕಾಡಿನ ದಾರಿ.

ಇನ್ನು ಮುಖ್ಯವಾದ ಮಾತು. 2022ರ ಏಪ್ರಿಲಿನಲ್ಲಿ ಇಲ್ಲಿಯೇ ಮಿತಿಮೀರಿ ಜನರನ್ನು ಹೇರಿದ್ದ ತೆಪ್ಪವೊಂದು ಹೊಳೆಯ ನಡುವೆ ಸಿಕ್ಕಿಕೊಂಡು, ಇತರರು ಹೋಗಿ ಅವರನ್ನು ಪಾರುಮಾಡಬೇಕಾಯಿತು. ತೆಪ್ಪ ನಡೆಸುವವರಿಗೆ ಸರಕಾರದ ಅಪ್ಪಣೆಯುಂಟೆ, ಒಂದರಲ್ಲಿ ಎಷ್ಟು ಮಂದಿಯನ್ನು ಕೂರಿಸುವರು, ಎಂದು ಕೇಳಲು ಸಂಕೋಚಪಡಕೂಡದು. ಲೆಕ್ಕಕ್ಕೆ ಮೀರಿ ಒಬ್ಬರನ್ನು ಹತ್ತಿಸಿದರೂ ಇಳಿದುಬಿಡುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಕೊಟ್ಟ ಹಣ ಹೋದರೆ ಹೋಗಲಿ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿರಬೇಕು. ಹೆಗಲ ಬಳಿ ಹಿಡಿದೆತ್ತಿದರೆ ಅದು ಗಲ್ಲಕ್ಕೆ ಏರಬಾರದು. ತಲೆಗೆ ಹೆಲ್ಮೆಟ್ಟು ಇರಲೇಬೇಕು. ಕನ್ನಡಕಕ್ಕೆ ದಾರ ಕಟ್ಟಿ, ಬಳೆ ಸರಗಳನ್ನು ಬಿಡಾರದಲ್ಲಿಯೇ ಇರಿಸಿ, ಸೀರೆಯ ಬದಲು ಮೈಗೊಪ್ಪುವ ಉಡುಪನ್ನು ಧರಿಸತಕ್ಕುದು.

ನೀರಿಗೆ ಬಿದ್ದವರು ಎದ್ದು ನಿಲ್ಲಲು ಹವಣಿಸುವುದು ಸಹಜ. ಅದೇ ಅಪಾಯ! ಕಾಲು ಕಲ್ಲುಗಳ ಸಂದಿಗೆ ಸಿಕ್ಕಿದರೆ ಸೆಳವು ಮೈಯನ್ನು ಮುಂದಕ್ಕೆ ಬಾಗಿಸಿ ಮುಳುಗಿಸುವುದು. ಅಂಗಾತವಾಗಿ ಮಲಗಿ, ಪಾದಗಳನ್ನು ಹೊಳೆ ಹರಿಯುವ ದಿಕ್ಕಿಗೆ ಚಾಚಿ ಮೇಲೆತ್ತಿಕೊಂಡು, ಹಗ್ಗವೆಸೆಯುವವರೆಗೆ ತೇಲುತ್ತಿರಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲಿಯೇ ಚಾಪೆಯ ಮೇಲೆ ಅಭ್ಯಾಸ ಮಾಡಿಸಬಹುದು. ಅವರಿಗೆ ಅದೊಂದು ಆಟ. ತೀರ ಚಿಕ್ಕ ಮಕ್ಕಳು, ಗರ್ಭಿಣಿಯರು, ಹೃದ್ರೋಗಿಗಳು ದಡದಲ್ಲಿರುವುದೇ ಮೇಲು.

ದಡದಲ್ಲಿ ಉಳಿದವರಿಗೆ ಬೇಸರವಾಗದು. ಬೆಳಗಿನ ಹೊತ್ತು ಮರಗಳ ಮೇಲೆ ಮಂಗಟ್ಟೆ ಹಕ್ಕಿಗಳನ್ನು ಕಾಣಬಹುದು. ರೆಕ್ಕೆಯ ಸದ್ದೇ ಮೊದಲು ಕೇಳುವುದು. ಸಿಂಥೇರಿ ಬಂಡೆಯೂ ನೋಡತಕ್ಕುದೇ, ಆದರೆ ಅಲ್ಲಿಯ ಮೆಟ್ಟಿಲುಗಳು ಮೊಣಕಾಲು ನೋವಿನವರಿಗಲ್ಲ. ದಾಂಡೇಲಿ ಊರಿನ ಬಳಿ ನದಿಯಲ್ಲಿ ಮೊಸಳೆಗಳಿರುವುದರಿಂದ, ಅಲ್ಲಿ ಬಟ್ಟೆ ಜಾಲಿಸಲೆಂದಾಗಲಿ ಕಾಲು ತೊಳೆಯಲೆಂದಾಗಲಿ ನೀರಿಗಿಳಿಯಬಾರದು.