ಪರಚಿತ್ತ ಪ್ರವೇಶ

ಪರಕಾಯ ಪ್ರವೇಶದ ಕಥೆಗಳು ನಮ್ಮಲ್ಲಿ ಬಹು ಹಳೆಯವು. ಅವುಗಳಲ್ಲಿ ರಾಜನ ಕಳೇಬರವನ್ನು ಹೊಕ್ಕ ಯೋಗಿಯು ರಾಜನಾಗಿಯೇ ಎದ್ದು ರಾಜ್ಯವಾಳುತ್ತಾನೆ, ಎಂದರೆ ಹೊಕ್ಕವನೇ ಒಡೆಯನಾಗುತ್ತಾನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಡಬಲ್ ಫೈನ್ ಎಂಬ ಸಂಸ್ಥೆಯವರು 2005ನೆಯ ಇಸವಿಯಲ್ಲಿ ಹೊರತಂದ ‘ಸೈಕೋನಾಟ್ಸ್’ ಎಂಬ ವಿಡಿಯೊ ಗೇಮಿನಲ್ಲಿಯೂ ಇಂಥದೊಂದು ಪ್ರವೇಶವುಂಟು; ಆದರೆ ಇಲ್ಲಿ ಹೊಗುವುದು ಪರರ ದೇಹವನ್ನಲ್ಲ, ಚಿತ್ತವನ್ನು; ಹೊಕ್ಕವನಾದರೋ ಕೊನೆಯವರೆಗೂ ಅತಿಥಿಯಾಗಿಯೇ ಉಳಿಯುತ್ತಾನೆ. ಇಂದಿನ ಕಣ್ಣಿಗೆ ಚಿತ್ರಗಳು ತುಸು ಒರಟಾಗಿ ತೋರುವ ಈ ಹಳೆಯ ಆಟದಲ್ಲಿ ನನಗುಂಟಾದ ಅನುರಾಗಕ್ಕೆ ಮೂಲ ಈ ಅತಿಥಿಧರ್ಮವೇ.

ಕಥೆ ಸರಳವಾದದ್ದು. ಸರ್ಕಸ್ಸಿನ ಮನೆತನದಲ್ಲಿ ಹುಟ್ಟಿದ, ತಂದೆಗೆ ತನ್ನ ಮಾನಸಿಕ ಶಕ್ತಿಗಳು ಸೇರವೆಂದು ನಂಬಿದ ರಾಜ್ ಎಂಬ ಹತ್ತು ವರ್ಷದ ಬಾಲಕನು ಮನೆ ಬಿಟ್ಟು ಓಡಿಬಂದು, ಅಂಥ ಶಕ್ತಿಯುಳ್ಳ ಮಕ್ಕಳಿಗಾಗಿ ನಡೆಯುವ ವಿಸ್ಪರಿಂಗ್ ರಾಕ್ ಎಂಬ ಬೇಸಗೆ ಶಿಬಿರದೊಳಕ್ಕೆ ನುಸುಳುತ್ತಾನೆ. ಅಲ್ಲಿ ಮಕ್ಕಳ ಮಿದುಳುಗಳೇ ಒಂದೊಂದಾಗಿ ಕಳುವಾಗತೊಡಗುತ್ತವೆ. ಅದರ ಜಾಡು ಹಿಡಿದು ಹೊರಟ ರಾಜ್, ಎದುರಿಗಿರುವವರ ಹಣೆಗೆ ಒಂದು ಪುಟ್ಟ ಬಾಗಿಲನ್ನು ಅಂಟಿಸಿ, ಅದು ತೆರೆದೊಡನೆ ಅವರ ಮನಸ್ಸಿನೊಳಗೆ ಇಳಿಯುತ್ತಾನೆ. ಒಂದೊಂದು ಮನಸ್ಸೂ ಒಂದೊಂದು ಲೋಕ. ಆ ಲೋಕದ ಭೂಗೋಳವೂ ನಿಯಮಗಳೂ ಅದರ ಒಡೆಯನ ಸ್ವಭಾವದಿಂದಲೇ, ಹೆಚ್ಚಾಗಿ ಅವನ ನೋವಿನಿಂದಲೇ, ರೂಪುಗೊಂಡಿವೆ.

ಹುಚ್ಚಾಸ್ಪತ್ರೆಯೊಂದರ ಗೇಟಿನ ಕಾವಲುಗಾರನಾದ ಬಾಯ್ಡ್ ಎಂಬುವನ ಚಿತ್ತವನ್ನು ಹೊಕ್ಕರೆ, ಅಲ್ಲಿ ಅಚ್ಚುಕಟ್ಟಾದ ಮನೆಗಳ ಸಾಲಿರುವ ಬಡಾವಣೆಯೊಂದಿದೆ. ಆದರೆ ಅದರ ರಸ್ತೆಗಳು ನೆಲವನ್ನು ಬಿಟ್ಟೆದ್ದು ಆಕಾಶದಲ್ಲಿ ತಿರುಚಿಕೊಂಡು ತಲೆಕೆಳಗಾಗಿ ಹರಿಯುತ್ತವೆ, ಕಂಡಕಂಡೆಡೆಯಿಂದ ಕ್ಯಾಮರಾಗಳು ಇಣುಕುತ್ತವೆ, ಮತ್ತು ಉದ್ದ ಕೋಟು ತೊಟ್ಟ ಗೂಢಚಾರರು ಕೈಯಲ್ಲಿ ಒಂದೊಂದು ವಸ್ತುವನ್ನು ಹಿಡಿದು, ತಾವು ರಸ್ತೆಯ ಕೆಲಸದವರೆಂದೋ ಗೃಹಿಣಿಯರೆಂದೋ ಭಾವಶೂನ್ಯವಾದ ಒಂದೇ ಧ್ವನಿಯಲ್ಲಿ ನಟಿಸುತ್ತಾರೆ. ಅವರ ನಡುವೆ ಸಂಚರಿಸಬೇಕಾದರೆ ನಾವೂ ತಕ್ಕ ವಸ್ತುವೊಂದನ್ನು ಹಿಡಿದು ಅದೇ ಸೋಗನ್ನು ಹಾಕಬೇಕು. ಸಂಶಯಗ್ರಸ್ತನಾದ ಮನುಷ್ಯನಿಗೆ ಜಗತ್ತು ಹೇಗೆ ಕಾಣುತ್ತದೆಂಬುದನ್ನು ಪುಸ್ತಕಗಳು ವಿವರಿಸಬಲ್ಲವು; ಈ ಆಟವೋ ನಮ್ಮನ್ನು ಆ ಬೀದಿಗಳಲ್ಲಿಯೇ ನಡೆಸುತ್ತದೆ, ಮತ್ತು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಾಯ್ಡನ ತರ್ಕವು ನಮಗೂ ತರ್ಕವಾಗಿಯೇ ತೋರತೊಡಗುತ್ತದೆ. ಗ್ಲೋರಿಯಾ ಎಂಬ ಹಳೆಯ ನಟಿಯ ಮನಸ್ಸು ನಾಟಕಶಾಲೆಯಾಗಿದ್ದು, ದೀಪದ ಬೆಳಕು ಉಲ್ಲಾಸದಿಂದ ವಿಷಾದಕ್ಕೆ ಬದಲಾದಾಗ ಅವಳ ಬಾಲ್ಯದ ಅದೇ ದೃಶ್ಯವು ಬೇರೆಯೇ ಆಗಿಬಿಡುತ್ತದೆ. ಈ ಲೋಕಗಳಲ್ಲಿ ಅಲ್ಲಲ್ಲಿ ಪೆಟ್ಟಿಗೆಗಳೂ ಚೀಲಗಳೂ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿರುತ್ತವೆ. ಕಳೆದುಹೋದ ಅವುಗಳ ಹೆಸರಿನ ಚೀಟಿಯನ್ನು ಹುಡುಕಿ ತಂದು ಕಟ್ಟಿದರೆ ಅಳು ನಿಲ್ಲುತ್ತದೆ.

ಆದರೆ ಇವೆಲ್ಲಕ್ಕಿಂತ ನನ್ನನ್ನು ಗೆದ್ದದ್ದು ಶಿಬಿರದ ಶಿಕ್ಷಕಿಯಾದ ಮಿಲ್ಲಾ ವೊಡೆಲ್ಲೊ ಎಂಬಾಕೆಯ ಮನಸ್ಸು. ಅದು ಬಣ್ಣಬಣ್ಣದ ದೀಪಗಳಿಂದಲೂ ನೃತ್ಯಸಂಗೀತದಿಂದಲೂ ತುಂಬಿದ ನಿರಂತರ ಉತ್ಸವ. ಅದರ ಒಂದು ಮೂಲೆಯಲ್ಲಿ, ದಾರಿಯಿಂದ ಸರಿದು, ಯಾರೂ ಹೋಗಬೇಕೆಂದು ಹೇಳದ ಒಂದು ಕೋಣೆಯಿದೆ. ಮಿಲ್ಲಾ ಹಿಂದೆ ಅನಾಥಾಲಯವೊಂದರಲ್ಲಿ ಮಕ್ಕಳನ್ನು ಸಾಕುತ್ತಿದ್ದಳು. ಆ ಮನೆ ಬೆಂಕಿಗೆ ಆಹುತಿಯಾಯಿತು. ಆ ಮಕ್ಕಳ ಕೂಗು ಆ ಕೋಣೆಯಲ್ಲಿ ಇಂದಿಗೂ ಕೇಳಿಸುತ್ತದೆ. ಆಟವನ್ನು ಮುಗಿಸಲು ಆ ಕೋಣೆಯನ್ನು ಕಾಣಬೇಕಾದ ಅಗತ್ಯವಿಲ್ಲ. ಕಂಡರೂ ಅಲ್ಲಿ ಗೆಲ್ಲತಕ್ಕದ್ದೇನೂ ಇಲ್ಲ. ಶತ್ರುವನ್ನು ಕಂಡಲ್ಲಿ ಹೊಡೆಯುವುದೇ ಆಟವೆಂದು ತಿಳಿದ ಈ ಕಲೆಯಲ್ಲಿ, ಒಬ್ಬಾಕೆಯ ದುಃಖವನ್ನು ಅದರ ಪಾಡಿಗೆ ಬಿಟ್ಟು, ಅವಳ ಉಲ್ಲಾಸ ಎಷ್ಟು ನಿಜವೋ ಆ ದುಃಖವೂ ಅಷ್ಟೇ ನಿಜವೆಂದು ತೋರಿಸಿ ಸುಮ್ಮನಾದ ಈ ಸಂಯಮವನ್ನು ನಾನು ಉತ್ತಮ ಕಾವ್ಯದ ಧ್ವನಿಗೆ ಸಮವಾದದ್ದೆಂದೇ ಎಣಿಸುತ್ತೇನೆ.

ಈ ಆಟದ ಕರ್ತೃವಾದ ಟಿಮ್ ಶೇಫರ್, ಲ್ಯೂಕಸ್‌ಆರ್ಟ್ಸ್ ಸಂಸ್ಥೆಯಲ್ಲಿ 1998ರಲ್ಲಿ ‘ಗ್ರಿಮ್ ಫ್ಯಾಂಡ್ಯಾಂಗೊ’ ಎಂಬ ಪ್ರಸಿದ್ಧ ಆಟವನ್ನು ರಚಿಸಿ, 2000ದಲ್ಲಿ ಡಬಲ್ ಫೈನನ್ನು ಸ್ಥಾಪಿಸಿದವರು. ‘ಸೈಕೋನಾಟ್ಸ್’ ಆಟವನ್ನು ಪ್ರಕಟಿಸಲು ಒಪ್ಪಿದ್ದ ಮೈಕ್ರೊಸಾಫ್ಟ್ 2004ರಲ್ಲಿ ಹಿಂದೆಗೆದಾಗ ಮಜೆಸ್ಕೊ ಎಂಬ ಸಂಸ್ಥೆಯು ಕೈಹಿಡಿಯಿತು. ವಿಮರ್ಶಕರು ಹೊಗಳಿದರು, 2006ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಇದರ ಚಿತ್ರಕಥೆಗೆ ಸಂದಿತು. ಕೊಳ್ಳುವವರು ಮಾತ್ರ ಬಹಳ ಕಡಮೆ. ಬಳಿಕ ವರ್ಷಗಳುದ್ದಕ್ಕೂ ಒಬ್ಬರಿಂದೊಬ್ಬರಿಗೆ ಕೀರ್ತಿ ಹಬ್ಬಿ, ಅಭಿಮಾನಿಗಳೇ 30 ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಕೂಡಿಸಿಕೊಟ್ಟದ್ದರಿಂದ ಎರಡನೆಯ ಭಾಗದ ಕೆಲಸ ಮೊದಲಾಯಿತು. ಒಮ್ಮೆ ಕೈಬಿಟ್ಟಿದ್ದ ಮೈಕ್ರೊಸಾಫ್ಟೇ 2019ರಲ್ಲಿ ಡಬಲ್ ಫೈನನ್ನು ಕೊಂಡಿತು, 2021ರಲ್ಲಿ ಆ ಭಾಗವೂ ಬಂದಿತು. ಅದು ಹೆಚ್ಚು ಸುಂದರ, ಹೆಚ್ಚು ಸುಗಮ. ಆದರೂ ಮೊದಲನೆಯದನ್ನು ಆಡದೆ ಅಲ್ಲಿಗೆ ಹೋಗುವುದು ನನಗೆ ಸಮ್ಮತವಲ್ಲ.

ದೋಷಗಳಿಲ್ಲವೆಂದಲ್ಲ. ಕೊನೆಯ ಘಟ್ಟದಲ್ಲಿ ರಾಜ್‌ನ ಭಯವೂ ಪ್ರತಿನಾಯಕನ ಭಯವೂ ಒಂದರೊಳಗೊಂದು ಬೆರೆತು, ಇಬ್ಬರ ತಂದೆಯರ ಕರಾಳ ಛಾಯೆಗಳುಳ್ಳ ಮಾಂಸಮಯವಾದ ಸರ್ಕಸ್ಸೊಂದು ಮೂಡುತ್ತದೆ. ಅಲ್ಲಿಯ ನೆಗೆತಗಳು ಕ್ರೂರವೆನ್ನುವಷ್ಟು ಕಠಿನವಾಗಿವೆ. ಅನೇಕರು ಅಲ್ಲಿ ಬೇಸತ್ತು ಕೈಚೆಲ್ಲುತ್ತಾರೆ. ಹಾಗೆ ಮಾಡಬಾರದೆಂದು ನನ್ನ ಕಳಕಳಿಯ ಬಿನ್ನಹ. ಏಕೆಂದರೆ ಇತರರ ಮನಸ್ಸುಗಳನ್ನೆಲ್ಲ ಹೊಕ್ಕುಬಂದ ಆ ಬಾಲಕನ ಮನಸ್ಸಿಗೆ ಅವನ ನಿಜವಾದ ತಂದೆಯು ಬರುವುದು ಅಲ್ಲಿಯೇ. ಮಗನು ತನ್ನನ್ನು ಎಂಥ ಕ್ರೂರಿಯೆಂದು ಕಲ್ಪಿಸಿಕೊಂಡಿದ್ದನೆಂಬುದನ್ನು ಕಣ್ಣಾರೆ ಕಂಡು ಬೆರಗಾಗಿ, ತನ್ನ ಶಕ್ತಿಯನ್ನು ಅವನಿಗೆ ನೀಡುವುದೂ ಅಲ್ಲಿಯೇ.