ಪರದೆಗಿಂತ ಮೊದಲು ಮನೆಮಂದಿಯ ಕಣ್ಣು, ಕಿವಿ

ಕಬ್ಬಿನ ಹಂಗಾಮು ಮುಗಿದು ಕಾರ್ಖಾನೆಯ ಬಿಲ್ಲು ಕೈಸೇರುವ ದಿನಗಳಲ್ಲಿ ಮುಧೋಳ, ಜಮಖಂಡಿಗಳ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಜನ ಕೂಡುವುದು ವಾಡಿಕೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಈ ಉತ್ಸಾಹ ಇನ್ನಷ್ಟು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಗೃಹಪ್ರವೇಶಕ್ಕೆ ಬಂದ ಬೀಗರು ಪಡಸಾಲೆಯ ಗೋಡೆಯನ್ನು ನೋಡಿ, “ಎಷ್ಟು ಇಂಚಿಂದು?” ಎಂದು ಕೇಳುವ ಕಾಲ ಬಂದಿದೆ. 55, 65, 75 ಎಂದು ಸಂಖ್ಯೆ ಏರಿದಷ್ಟೂ ಮನೆಯ ಮರ್ಯಾದೆ ಏರಿತೆಂಬ ಭಾವನೆ ಬಹು ಜನರಲ್ಲಿದೆ.

ಆರೋಗ್ಯದ ಪುಟದಲ್ಲಿ ಟಿ.ವಿ. ಕೊಳ್ಳುವ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಮನೆಗೆ ತರುವ ಈ ಸಲಕರಣೆಯ ಮುಂದೆ ಕುಟುಂಬದ ಹಿರಿಯರು, ಕಿರಿಯರು ದಿನಕ್ಕೆ ಎರಡು ಮೂರು ಗಂಟೆ, ಮುಂದಿನ ಎಂಟು ಹತ್ತು ವರ್ಷ ಕುಳಿತುಕೊಳ್ಳುತ್ತಾರೆ. ಚಪ್ಪಲಿ ಕೊಳ್ಳುವಾಗ ಕಾಲಿನ ಅಳತೆ ನೋಡುವ ನಾವು ಪರದೆ ಕೊಳ್ಳುವಾಗ ಕಣ್ಣು, ಕಿವಿ, ಕತ್ತುಗಳ ಅಳತೆಯನ್ನೇ ನೋಡುವುದಿಲ್ಲ. ದೊಡ್ಡ ಟಿ.ವಿ. ಬೇಡವೆಂಬ ವಾದ ಈ ಲೇಖನದ್ದಲ್ಲ. ಒಂದೇ ಸೂರಿನಡಿ ಐವರು ಐದು ಮೊಬೈಲುಗಳನ್ನು ಮೂಗಿಗೆ ಹಿಡಿದು ಕೂಡುವುದಕ್ಕಿಂತ, ಎಲ್ಲರೂ ಕೂಡಿ ಹತ್ತಡಿ ದೂರದ ಒಂದು ಪರದೆಯನ್ನು ನೋಡುವುದು ಕಣ್ಣಿಗೂ ಹಿತ, ಮನೆತನಕ್ಕೂ ಹಿತ. ಆದರೆ ಆ ಪರದೆ ಯಾರಿಗಾಗಿ, ಎಂಥ ಮನೆಗಾಗಿ ಎಂಬುದನ್ನು ಅಂಗಡಿಗೆ ಹೋಗುವ ಮುನ್ನವೇ ತಿಳಿದಿರಬೇಕು.

ಮೊದಲು ಅಳತೆಯ ಮಾತು. ಟಿ.ವಿ.ಯ ಇಂಚು ಎಂದರೆ ಮೂಲೆಯಿಂದ ಎದುರು ಮೂಲೆಗೆ ಎಳೆದ ಓರೆಗೆರೆಯ ಉದ್ದ. ಚಿತ್ರಮಂದಿರದ ಅನುಭವಕ್ಕೆ ಪರದೆಯ ಅಗಲವು ನೋಡುವವನ ಕಣ್ಣಿಗೆ ಸುಮಾರು 30 ಡಿಗ್ರಿ ಕೋನದಷ್ಟು ತುಂಬಿದರೆ ಸಾಕೆಂದು ಈ ವಿದ್ಯೆಯವರು ಎಣಿಸುತ್ತಾರೆ. ಆ ಲೆಕ್ಕದಲ್ಲಿ 43 ಇಂಚಿನ ಟಿ.ವಿ.ಗೆ 6 ಅಡಿ, 55ಕ್ಕೆ ಏಳೂವರೆ ಅಡಿ, 65ಕ್ಕೆ 9 ಅಡಿ, 75ಕ್ಕೆ 10 ಅಡಿಗೂ ತುಸು ಹೆಚ್ಚು, ಪ್ರೊಜೆಕ್ಟರಿನ 100 ಇಂಚಿನ ಚಿತ್ರಕ್ಕೆ ಹದಿಮೂರೂವರೆ ಅಡಿ ಅಂತರ ಒಪ್ಪುತ್ತದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮುಂದಿನ ಅಂಕಣವನ್ನು ಮಗ್ಗಕ್ಕೆ ಬಿಟ್ಟುಕೊಟ್ಟು ಉಳಿದುದರಲ್ಲಿ ಬಾಳುವ ಮನೆಗಳಿಗೆ 10 ಅಡಿಯ ಕೋಣೆಯೇ ದೊಡ್ಡದು. ಅಲ್ಲಿ ಹಿಂದೆ ಒರಗಿ ಕುಳಿತರೂ ಕಣ್ಣಿಗೂ ಗೋಡೆಗೂ ನಡುವೆ ಉಳಿಯುವುದು ಎಂಟಡಿ. ಅಂಥ ಮನೆಗೆ 55 ಇಂಚೇ ಚಿತ್ರಮಂದಿರ. 75 ಇಂಚು ತಂದರೆ ಕಣ್ಣು ಕೆಡುವುದಿಲ್ಲ, ಆದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೋಟ ಓಡಾಡಿ ದಣಿಯುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ.

‘4ಕೆ’ ಎಂಬ ಮಾತಿಗೂ ಇದೇ ಅಂತರದ ಲೆಕ್ಕ ಅನ್ವಯಿಸುತ್ತದೆ. ಒಳ್ಳೆಯ ದೃಷ್ಟಿಯುಳ್ಳವರು ಕೂಡ 55 ಇಂಚಿನ ಪರದೆಯನ್ನು ಏಳೆಂಟು ಅಡಿಯಾಚೆಯಿಂದ ನೋಡಿದಾಗ ಫುಲ್ ಎಚ್‌ಡಿಗೂ 4ಕೆಗೂ ಚುಕ್ಕೆಗಳ ಸೂಕ್ಷ್ಮದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಪೊರೆ ಬರುತ್ತಿರುವ ಎಪ್ಪತ್ತರ ಅಜ್ಜನಿಗೆ ಎಂಟು ‘ಕೆ’ ತಂದರೂ ಒಂದೇ. ಹಿರಿಯರು “ಚಿತ್ರ ಮಂಜು ಮಂಜು” ಎಂದರೆ ಟಿ.ವಿ. ಬದಲಿಸುವ ಮುನ್ನ ಅವರ ಕಣ್ಣನ್ನು ನೇತ್ರವೈದ್ಯರಿಗೆ ತೋರಿಸುವುದು ಲೇಸು. ಮಗು ಪದೇ ಪದೇ ಪರದೆಯ ಹತ್ತಿರಕ್ಕೆ ಸರಿಯುತ್ತಿದ್ದರೆ ಅದಕ್ಕೂ ಇದೇ ಮಾತು. ಹತ್ತಿರ ಕುಳಿತುದರಿಂದ ದೃಷ್ಟಿ ಕೆಟ್ಟಿತೆಂದು ನಾವು ಗದರುತ್ತೇವೆ. ಎಷ್ಟೋ ಸಲ ದೂರದ್ದು ಕಾಣದೆ ಇರುವುದರಿಂದಲೇ ಮಗು ಹತ್ತಿರಕ್ಕೆ ಹೋಗಿರುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಭಾಗದಲ್ಲಿ ಆಗುವ ತಪ್ಪು ಒಂದೇ ಬಗೆಯದು. ಶೋಕೇಸಿನ ಮೇಲೆ, ಬಾಗಿಲ ತೋಳಿನ ಮಟ್ಟಕ್ಕೆ, ಗೋಡೆಯಲ್ಲಿ ಭಾವಚಿತ್ರ ತೂಗುಹಾಕುವ ಎತ್ತರಕ್ಕೆ ಟಿ.ವಿ.ಯನ್ನು ಏರಿಸುತ್ತಾರೆ. ಭಾವಚಿತ್ರಕ್ಕೆ ಕೈಮುಗಿದು ಮುಂದೆ ನಡೆಯುತ್ತೇವೆ, ಟಿ.ವಿ.ಗೆ ಎರಡು ಗಂಟೆ ಕತ್ತೆತ್ತಿ ಕೂಡುತ್ತೇವೆ. ಇಷ್ಟಲಿಂಗ ಪೂಜೆಗೆ ಕುಳಿತವರ ಭಂಗಿಯನ್ನು ನೆನೆಯಿರಿ: ಬೆನ್ನು ನೆಟ್ಟಗೆ, ಕತ್ತು ಸಡಿಲ, ಎಡ ಅಂಗೈಯ ಮೇಲಿನ ಲಿಂಗ ನೋಟಕ್ಕೆ ನೇರ. ದೀರ್ಘಕಾಲ ಒಂದೆಡೆ ದೃಷ್ಟಿಯಿಡುವ ದೇಹಕ್ಕೆ ಯಾವುದು ಒಗ್ಗುತ್ತದೆಂಬುದನ್ನು ನಮ್ಮ ಹಿರಿಯರು ಆಚರಣೆಯಲ್ಲೇ ತೋರಿದ್ದಾರೆ. ಸೋಫಾದ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ, ಕಂಬಳಿ ಹಾಸಿ ಚಕ್ಕಳಬಕ್ಕಳ ಕುಳಿತವರ ಕಣ್ಣು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಇದರ ಆಸುಪಾಸಿನಲ್ಲಿದ್ದರೆ ಕತ್ತಿಗೆ ನೆಮ್ಮದಿ, ಕಣ್ಣಿಗೂ ಒಣಗುವ ಭಯ ಕಡಿಮೆ. ಮೇಲ್ನೋಟದಲ್ಲಿ ರೆಪ್ಪೆ ಅಗಲ ತೆರೆದು ಕಣ್ಣೀರಿನ ಪೊರೆ ಬೇಗ ಆರುತ್ತದೆ. ಹಳೆಯ ಮಾಳಿಗೆ ಮನೆಯವರಿಗೆ ಇನ್ನೊಂದು ಎಚ್ಚರಿಕೆ: ಮಣ್ಣಿನ ಗೋಡೆಯಲ್ಲಿ ಮೊಳೆ, ಬೋಲ್ಟು ನಿಲ್ಲುವುದಿಲ್ಲ. ಅಲ್ಲಿ ತಗ್ಗಾದ, ಅಗಲ ಕಾಲಿನ ಮೇಜೇ ಕ್ಷೇಮ. ಮಕ್ಕಳು ಜಗ್ಗಿದಾಗ ಟಿ.ವಿ. ಮೇಲೆ ಬೀಳುವ ಅಪಘಾತಗಳು ಕಟ್ಟುಕಥೆಯಲ್ಲ, ಆದ್ದರಿಂದ ಹಿಂಬದಿಗೆ ಪಟ್ಟಿ ಬಿಗಿಯುವುದನ್ನು ಮರೆಯಬಾರದು.

ಪ್ರೊಜೆಕ್ಟರು ಒಳ್ಳೆಯದೋ ಟಿ.ವಿ.ಯೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೋಣೆಯ ಕತ್ತಲೆಯಲ್ಲಿದೆ. ಪ್ರೊಜೆಕ್ಟರು ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಚಿತ್ರದ ಕಪ್ಪು ಎಂದರೆ ಬೆಳಕು ಬೀಳದ ಗೋಡೆಯ ಬಣ್ಣವೇ. ಮೇಲಿನ ಬೆಳಕಿಂಡಿಯಿಂದ ಬಿಸಿಲು ಬಿದ್ದರೆ, ಎದುರಿನ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಚಿತ್ರವೆಲ್ಲ ಬೂದಿ ಬಳಿದಂತಾಗುತ್ತದೆ. ಕಡಿಮೆ ಬೆಲೆಯ ಪುಟ್ಟ ಪ್ರೊಜೆಕ್ಟರುಗಳ ಪೆಟ್ಟಿಗೆಯ ಮೇಲೆ ಹತ್ತು ಸಾವಿರ ‘ಲುಮೆನ್’ ಎಂದು ಅಚ್ಚಾಗಿರುತ್ತದೆ. ನಂಬುವ ಮುನ್ನ ‘ಆನ್ಸಿ ಲುಮೆನ್’ ಎಷ್ಟು ಎಂದು ಕೇಳಿರಿ. ‘4ಕೆ ಸಪೋರ್ಟ್’ ಎಂದರೆ 4ಕೆ ಕಡತವನ್ನು ಅದು ಸ್ವೀಕರಿಸುತ್ತದೆಂದು ಅರ್ಥ, ತೋರಿಸುತ್ತದೆಂದಲ್ಲ. ‘ನೇಟಿವ್’ ರೆಸಲ್ಯೂಷನ್ ಯಾವುದೆಂದು ವಿಚಾರಿಸಬೇಕು. ಮಕ್ಕಳು ಲೆನ್ಸಿನೊಳಗೆ ಇಣುಕದಂತೆ ನೋಡಿಕೊಳ್ಳಬೇಕು. ಲೇಸರ್ ಬೆಳಕಿನದಾದರಂತೂ ಈ ಎಚ್ಚರ ಇಮ್ಮಡಿ.

ನೇಕಾರರ ಮನೆಗೆ ಪ್ರೊಜೆಕ್ಟರನ್ನು ನಾನು ಸುಲಭವಾಗಿ ಸೂಚಿಸಲಾರೆ. ಅದರೊಳಗಿನ ಫ್ಯಾನು ಸದಾ ಗಾಳಿ ಎಳೆಯುತ್ತದೆ. ಮಗ್ಗದ ಮನೆಯ ಗಾಳಿಯಲ್ಲಿ ನೂಲಿನ ಸಣ್ಣ ಎಳೆ, ಹತ್ತಿಯ ದೂಳು ತೇಲುತ್ತಲೇ ಇರುತ್ತವೆ. ಅವು ಜಾಲರಿಯನ್ನು ಮುಚ್ಚಿದರೆ ಯಂತ್ರ ಕಾದು ಆಯುಷ್ಯ ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. (ಅದೇ ದೂಳು ನೇಕಾರನ ಶ್ವಾಸಕೋಶಕ್ಕೂ ಹೋಗುತ್ತಿದೆ, ಅಲ್ಲಿ ತೊಳೆದು ಹಾಕುವ ಜಾಲರಿಯಿಲ್ಲ. ಆ ವಿಷಯಕ್ಕೆ ಪ್ರತ್ಯೇಕ ಲೇಖನವೇ ಬೇಕು.)

ಇನ್ನು ಕಿವಿ. ಹೋಮ್ ಥಿಯೇಟರಿನ ಚರ್ಚೆಯಲ್ಲಿ ಯಾರೂ ಎತ್ತದ, ನಮ್ಮ ಈ ನಾಲ್ಕು ತಾಲೂಕುಗಳಿಗೆ, ಅದರಲ್ಲೂ ರಬಕವಿ-ಬನಹಟ್ಟಿಗೆ, ಎಲ್ಲಕ್ಕಿಂತ ಮುಖ್ಯವಾದ ವಿಷಯವಿದು. ಜೇಡರ ದಾಸಿಮಯ್ಯನವರ ಕಾಯಕವನ್ನು ಇಂದಿಗೂ ನಡೆಸಿಕೊಂಡು ಬಂದಿರುವ ಊರುಗಳಲ್ಲಿ ಕೈಮಗ್ಗದ ಲಯಬದ್ಧ ಸಪ್ಪಳದ ಜಾಗಕ್ಕೆ ಪವರ್‌ಲೂಮಿನ ಆರ್ಭಟ ಬಂದು ದಶಕಗಳಾದವು. ಇಂಥ ಶೆಡ್ಡುಗಳ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಮನರಂಜನೆಗಾಗಿ ಕೇಳುವ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. ಸದ್ದು 90ಕ್ಕೇರಿದರೆ ಅದು 4 ಗಂಟೆಗೆ ಇಳಿಯುತ್ತದೆ. ಈ ಅಳತೆಯಿಂದ ನೋಡಿದರೆ ಮಗ್ಗದ ಮುಂದೆ ನಿಂತವನ ಕಿವಿ ವಾರದ ಪಾಲನ್ನೆಲ್ಲ ಸೋಮವಾರ ಮಧ್ಯಾಹ್ನದೊಳಗೇ ಉಂಡು ಮುಗಿಸಿರುತ್ತದೆ.

ದಿನವಿಡೀ ಸದ್ದುಂಡ ಕಿವಿ ಸಂಜೆಗೆ ತಾತ್ಕಾಲಿಕವಾಗಿ ಮಂದವಾಗುತ್ತದೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ದಣಿದಿರುತ್ತವೆ. ಯಜಮಾನರು ಮೈತೊಳೆದು, ಪೂಜೆ ಮುಗಿಸಿ, ಊಟಕ್ಕೆ ಕೂಡುವಾಗ ಟಿ.ವಿ.ಯ ಸದ್ದು ಏರಿಸುತ್ತಾರೆ. ಬೆಳಗ್ಗೆ ಮನೆಯವರು ಅದೇ ಟಿ.ವಿ. ಹಚ್ಚಿದಾಗ ಸದ್ದಿಗೆ ಎಲ್ಲರೂ ಬೆಚ್ಚುತ್ತಾರೆ. ರಾತ್ರಿ ಸರಿಯೆನಿಸಿದ ಸದ್ದು ಬೆಳಗ್ಗೆ ತಮಗೇ ಕರ್ಕಶವೆನಿಸಿದರೆ ಅದು ಕಿವಿ ಕೊಡುತ್ತಿರುವ ಮೊದಲ ಸೂಚನೆ. ಈ ದಣಿವು ವರ್ಷಾನುಗಟ್ಟಲೆ ಮರುಕಳಿಸಿದರೆ ರೋಮಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ.

ಸದ್ದಿನಿಂದ ಬರುವ ಕಿವುಡು ಮೊದಲು ತಾರಕದ ಧ್ವನಿಗಳನ್ನು, ಸುಮಾರು 4000 ಹರ್ಟ್ಸ್ ಆಸುಪಾಸಿನವುಗಳನ್ನು ಕಸಿಯುತ್ತದೆ. ‘ಸ’, ‘ಶ’, ‘ತ’, ‘ಚ’ದಂಥ ವ್ಯಂಜನಗಳ ಹರಿತ ಹೋಗಿ ಸ್ವರಗಳಷ್ಟೇ ಉಳಿಯುತ್ತವೆ. “ದನಿ ಕೇಳತೈತಿ, ಮಾತು ತಿಳಿಯಂಗಿಲ್ಲ” ಎಂಬುದು ಇವರ ದೂರು. ಇಂಥ ಮನೆಗೆ ಮಕ್ಕಳು ಅಕ್ಕರೆಯಿಂದಲೇ ದೊಡ್ಡ ಹೋಮ್ ಥಿಯೇಟರ್ ತರುತ್ತಾರೆ, ಜೊತೆಗೆ ನೆಲ ನಡುಗಿಸುವ ಸಬ್‌ವೂಫರ್. ಅದು ಹೆಚ್ಚಿಸುವುದು ಮಂದ್ರದ ಗುಡುಗನ್ನು. ಆ ಗುಡುಗು ಅಳಿದುಳಿದ ವ್ಯಂಜನಗಳನ್ನೂ ಮುಚ್ಚಿಹಾಕುತ್ತದೆ. ಅಪ್ಪ ಮತ್ತೆ ಸದ್ದು ಏರಿಸುತ್ತಾರೆ. ಪಕ್ಕದಲ್ಲಿ ಕುಳಿತ ಮೊಮ್ಮಗಳ ಕಿವಿ ಆರೋಗ್ಯವಾಗಿದೆ. ಮಗ್ಗದ ಶೆಡ್ಡಿಗೆ ಎಂದೂ ಕಾಲಿಡದ ಆ ಮಗು ಮಗ್ಗದ ಸದ್ದಿನ ಪಾಲನ್ನು ಹೀಗೆ ಪಡಸಾಲೆಯಲ್ಲಿ ಕುಳಿತೇ ಉಣ್ಣುತ್ತದೆ.

ಆದ್ದರಿಂದ ಮಗ್ಗದ ಮನೆಯವರು, ಕಾರ್ಖಾನೆಯ ಗಿರಣಿ ವಿಭಾಗದಲ್ಲಿ ದುಡಿದವರು, ವರ್ಷಗಟ್ಟಲೆ ಟ್ರ್ಯಾಕ್ಟರ್ ಓಡಿಸಿದವರು ಸ್ಪೀಕರ್ ಕೊಳ್ಳುವ ಮುನ್ನ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ನನ್ನ ಆಗ್ರಹ. ‘ಆಡಿಯೋಮೆಟ್ರಿ’ ಎಂಬ ಈ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಲ್ಲಾಗಲಿ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಬಹುದು. ಶ್ರವಣಯಂತ್ರದ ಅಗತ್ಯ ಕಂಡುಬಂದರೆ ಹಣ ಮೊದಲು ಅದಕ್ಕೆ ಹೋಗಲಿ, ಉಳಿದುದರಲ್ಲಿ ಟಿ.ವಿ. ಬರಲಿ. ಕನ್ನಡಕಕ್ಕೆ ಇಲ್ಲದ ಸಂಕೋಚ ಕಿವಿಯ ಯಂತ್ರಕ್ಕೇಕೆ? ಮಗ್ಗದ ಮುಂದೆ ಕಿವಿಗೆ ಫೋಮಿನ ಪ್ಲಗ್ ಧರಿಸುವ ರೂಢಿಯೂ ಬೆಳೆಯಬೇಕು. ಎಳೆ ಹರಿದರೆ, ಲಾಳಿ ತಪ್ಪಿದರೆ ಗೊತ್ತಾಗುವುದಿಲ್ಲವೆಂದು ನೇಕಾರರು ಹಿಂಜರಿಯಬಹುದು. ಪ್ಲಗ್ ಸದ್ದನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಒಂದು ವಾರದಲ್ಲಿ ಕಿವಿ ಹೊಸ ಸಪ್ಪಳಕ್ಕೆ ಹೊಂದಿಕೊಳ್ಳುತ್ತದೆ.

ಸ್ಪೀಕರಿನ ಆಯ್ಕೆಗೆ ಬಂದರೆ, ಹತ್ತು ಹನ್ನೆರಡು ಅಡಿಯ ಕೋಣೆಗೆ ಐದಾರು ಪೆಟ್ಟಿಗೆಗಳ ವೈಭವ ಬೇಡ. ಮಾತಿಗೆಂದೇ ನಡುವೆ ಪ್ರತ್ಯೇಕ ಸ್ಪೀಕರ್ ಇರುವ ಒಂದು ಸೌಂಡ್‌ಬಾರ್ ಸಾಕು. ಸೆಟ್ಟಿಂಗಿನಲ್ಲಿ ಮಾತನ್ನು ಸ್ಪಷ್ಟಗೊಳಿಸುವ ‘ಡೈಲಾಗ್’ ಅಥವಾ ‘ವಾಯ್ಸ್’ ವಿಧಾನವಿದ್ದರೆ ಅದನ್ನು ಬಳಸಿರಿ. ಸಬ್‌ವೂಫರನ್ನು ಮೂಲೆಗಿಟ್ಟರೆ ಗುಡುಗು ಹೆಚ್ಚುತ್ತದೆ, ಸಾಲುಮನೆಗಳಲ್ಲಿ ಅದು ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಹಗಲು ಮಲಗಿದ ನೆರೆಯವನ ನಿದ್ದೆಯನ್ನೂ ಕೆಡಿಸುತ್ತದೆ. ಮಾತು ತಿಳಿಯದಿರುವುದಕ್ಕೆ ಕೋಣೆಯೂ ಕಾರಣವಾಗಿರಬಹುದು. ಆಲಮಟ್ಟಿ ಹಿನ್ನೀರಿನಿಂದಾಗಿ ಊರು ಬಿಟ್ಟು ಬಂದು ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಿಕೊಂಡವರನ್ನು ಕೇಳಿನೋಡಿರಿ. ಹಳೆಯ ಮಣ್ಣಿನ ಗೋಡೆ ಸದ್ದನ್ನು ಹೀರುತ್ತಿತ್ತು, ಈಗಿನ ಕಾಂಕ್ರೀಟು, ಗ್ರಾನೈಟು, ಗಾಜು ಅದನ್ನು ತಿರುಗಿ ಎಸೆಯುತ್ತವೆ. ಪರದೆಯ ಎದುರಿನ ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿಯೊಂದನ್ನು ತೂಗುಹಾಕಿ, ನೆಲಕ್ಕೆ ಕಂಬಳಿ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು ಮತ್ತೊಮ್ಮೆ ಕೇಳಿರಿ. ಸಾವಿರಾರು ರೂಪಾಯಿಯ ಸ್ಪೀಕರ್ ಮಾಡದ ಕೆಲಸವನ್ನು ಕೌದಿ ಮಾಡುತ್ತದೆ.

ಮಕ್ಕಳ ಹೊತ್ತಿನ ಲೆಕ್ಕ ಬಹಳ ಜನರಿಗೆ ಗೊತ್ತಿರುವಂಥದೇ. ಎರಡು ವರ್ಷದೊಳಗಿನ ಕೂಸಿಗೆ ಪರದೆ ಬೇಡ, ಐದರೊಳಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಅದೂ ಹಿರಿಯರ ಜೊತೆಗೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ದೂರದೃಷ್ಟಿ ಮಂದವಾಗದಂತೆ ಕಾಯುವುದು ದಿನಕ್ಕೆ ಎರಡು ಗಂಟೆಯ ಬಯಲಿನ ಆಟ. ರಾತ್ರಿಯ ಮಾತು ಬೇರೆ. ನಮ್ಮ ಹಿರಿಯರು ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರು, ಕೌಜಲಗಿ ನಿಂಗಮ್ಮನವರ ಹೆಸರು ಕೇಳಿದರೆ ಇಂದಿಗೂ ಕಣ್ಣರಳಿಸುವವರಿದ್ದಾರೆ. ಆದರೆ ಆ ಜಾಗರಣೆ ಜಾತ್ರೆಗೊಮ್ಮೆ, ಸುಗ್ಗಿಗೊಮ್ಮೆ. ಮನೆಯ ಚಿತ್ರಮಂದಿರ ದಿನವೂ ತೆರೆದಿರುತ್ತದೆ. ಪ್ರಖರ ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಸ್ರವಿಸುವುದನ್ನು ತಡಮಾಡುತ್ತದೆ, ಪರದೆ ದೊಡ್ಡದಾದಷ್ಟೂ ಕಣ್ಣಿಗೆ ಬೀಳುವ ಬೆಳಕೂ ಹೆಚ್ಚು. ಅಂಗಡಿಯ ಝಗಮಗಕ್ಕೆ ಹೊಂದಿಸಿದ ‘ವಿವಿಡ್’ ವಿಧಾನವನ್ನು ಮನೆಗೆ ಬಂದ ದಿನವೇ ‘ಸಿನೆಮಾ’ ವಿಧಾನಕ್ಕೆ ಬದಲಿಸಿ, ಟಿ.ವಿ.ಯ ಹಿಂದೆ ಒಂದು ಸಣ್ಣ ದೀಪ ಉರಿಸಿದರೆ ಕಣ್ಣಿನ ಆಯಾಸ ಅರ್ಧ ಇಳಿದಂತೆ. ಮಲಗುವ ಕೋಣೆಯಲ್ಲಂತೂ ಇದನ್ನು ಹೂಡಲೇಬಾರದು.

ಗೋಡೆಗೆ ರಂಧ್ರ ಕೊರೆಯುವ ಮುನ್ನ ಒಂದು ಅಗ್ಗದ ಪರೀಕ್ಷೆ ಮಾಡಬಹುದು. 65 ಇಂಚಿನ ಟಿ.ವಿ. 144 ಸೆಂಟಿಮೀಟರ್ ಅಗಲ, 81 ಸೆಂಟಿಮೀಟರ್ ಎತ್ತರ. 55 ಇಂಚಿನದು 122ಕ್ಕೆ 68. ನಮ್ಮೂರುಗಳಲ್ಲಿ ಬಟ್ಟೆಗೇನು ಬರ? ಆ ಅಳತೆಯ ಒಂದು ಅರಿವೆಯನ್ನು ಕತ್ತರಿಸಿ ನೀವೆಣಿಸಿದ ಜಾಗದಲ್ಲಿ ಎರಡು ದಿನ ತೂಗುಬಿಡಿರಿ. ಅಜ್ಜ ತಮ್ಮ ಮಾಮೂಲಿ ಜಾಗದಲ್ಲೇ ಕೂಡಲಿ, ಅವ್ವ ಕಾಳು ಹಸನು ಮಾಡುವಲ್ಲೇ ಕೂಡಲಿ, ಮಕ್ಕಳು ನೆಲದ ಮೇಲೆ ಕೂಡಲಿ. ಯಾರ ಕತ್ತು ಮೇಲೇಳುತ್ತದೆ, ಯಾರು ಓರೆಯಾಗಿ ನೋಡಬೇಕಾಗುತ್ತದೆ, ಬೆಳಕಿಂಡಿಯ ಬಿಸಿಲು ಮಧ್ಯಾಹ್ನ ಎಲ್ಲಿಗೆ ಬೀಳುತ್ತದೆ ಎಂಬುದನ್ನು ನೋಡಿಕೊಂಡು, ಆ ಅರಿವೆಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋಗಿರಿ.