ಮಧುಗಿರಿಯಿಂದ ಕಣೇಕಲ್ಲಿಗೆ: ಬಿಸಿಲು, ಬಂಗಾರ, ಮರಳಿನ ಹಾದಿ

ಮರುಭೂಮಿ ಎಂದೊಡನೆ ರಾಜಸ್ಥಾನ, ಗಣಿಪಟ್ಟಣ ಎಂದೊಡನೆ ಕೋಲಾರ ನೆನಪಾಗುವುದು ಸಹಜ. ಆದರೆ ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಸಾಗಿದರೆ, ಮುಚ್ಚಿಹೋದ ಚಿನ್ನದ ಗಣಿಯೊಂದನ್ನೂ ಗಾಳಿಯೊಡನೆ ಜಾಗ ಬದಲಿಸುವ ಮರಳಿನ ದಿಬ್ಬಗಳನ್ನೂ ಎರಡು ದಿನಗಳೊಳಗೆ ಕಂಡು ಹಿಂದಿರುಗಬಹುದು. ನಡುವೆ ಸಿಗುವುದು ಇತಿಹಾಸದ ನಿಡುಗಲ್ ಸೀಮೆ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದೆ ಬಿಟ್ಟು ಮಿಡಿಗೇಶಿ ದಾಟಿದ ಬಳಿಕ ರಸ್ತೆ ಆಂಧ್ರಪ್ರದೇಶದ ಮಡಕಶಿರಾ ಸೀಮೆಯನ್ನು ಹೊಕ್ಕು, ಮತ್ತೆ ಕರ್ನಾಟಕಕ್ಕೆ ಬರುತ್ತದೆ. ತುಮಕೂರು ಜಿಲ್ಲೆಗೆ ಸೇರಿದ ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರ. ನಮ್ಮ ರಾಜ್ಯದ ನೆಲದೊಡನೆ ಅದರ ನಂಟು ಪಶ್ಚಿಮದಲ್ಲಿ, ಚಿತ್ರದುರ್ಗ ಜಿಲ್ಲೆಯ ಕಡೆಗೆ ಮಾತ್ರ. ತನ್ನದೇ ಜಿಲ್ಲಾ ಕೇಂದ್ರಕ್ಕೆ ನೆರೆರಾಜ್ಯದ ಮೂಲಕ ಹೋಗಬೇಕಾದ ಈ ತಾಲ್ಲೂಕಿನಲ್ಲಿ ತೆಲುಗು ಮನೆಮಾತಾದವರು ಅಧಿಕ. ಗಡಿಯಾಚೆಯ ಮಡಕಶಿರಾದಲ್ಲಿ ಕನ್ನಡ ಬಲ್ಲವರು ಅಷ್ಟೇ ಸಹಜವಾಗಿ ಸಿಗುತ್ತಾರೆ. ಭಾಷೆಯ ಆಧಾರದ ಮೇಲೆ ಗೆರೆ ಎಳೆಯುವುದು ಎಷ್ಟು ಕಷ್ಟದ ಕೆಲಸವಾಗಿತ್ತೆಂಬುದು ಇಲ್ಲಿಯ ಚಹಾದಂಗಡಿಯಲ್ಲಿ ಕುಳಿತವರಿಗೆ ಐದೇ ನಿಮಿಷದಲ್ಲಿ ಮನವರಿಕೆಯಾಗುತ್ತದೆ.

ಹಿಂದಿನ ಅರಸರಿಗೆ ಈ ಗೆರೆ ಇರಲಿಲ್ಲ. ಇಂದು ಆಂಧ್ರದಲ್ಲಿರುವ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅದೇ ಹೆಂಜೇರಿನಿಂದಲೂ ಆಳಿದ ಚೋಳ ಮನೆತನವೊಂದು 12-13ನೇ ಶತಮಾನಗಳಲ್ಲಿ ನಿಡುಗಲ್ ಬೆಟ್ಟವನ್ನು ನೆಲೆಯಾಗಿಸಿಕೊಂಡಿತು. ಚರಿತ್ರೆಯಲ್ಲಿ ಅವರು ನಿಡುಗಲ್ ಚೋಳರು. ಕೋಟೆಯ ಅವಶೇಷಗಳಿಂದ ಕೆಳಗೆ ನೋಡಿದರೆ ಬಂಡೆ, ಕುರುಚಲು ಕಾಡು ಮತ್ತು ವರ್ಷದ ಬಹುಪಾಲು ಬರಿದಾಗಿರುವ ಕೆರೆಯಂಗಳಗಳು ಕಾಣುತ್ತವೆ.

ಈ ಬರಕ್ಕೆ ಕಾರಣ ಭೂಗೋಳವೇ. ನೈರುತ್ಯ ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳಲ್ಲಿಯೇ ಹಗುರಾಗಿ ಇಲ್ಲಿಗೆ ತಲುಪುತ್ತವೆ. ಈಶಾನ್ಯ ಹಿಂಗಾರಿನ ಪೂರ್ಣ ಪ್ರಯೋಜನ ಪಡೆಯಲು ಪೂರ್ವ ಕರಾವಳಿ ದೂರ. ನೆರೆಯ ಅನಂತಪುರದ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಕೇಂದ್ರ ಸರ್ಕಾರದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಆ ಜಿಲ್ಲೆಯನ್ನು ಸೇರಿಸಲಾಗಿತ್ತು. ಮಳೆ ಕೈಕೊಟ್ಟಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿದವು, ಗ್ರಾನೈಟ್ ಜಾತಿಯ ಶಿಲೆಗಳಲ್ಲಿ ಬಹುಕಾಲ ನಿಂತ ನೀರಿನೊಡನೆ ಫ್ಲೋರೈಡ್ ಕೂಡ ಮೇಲೆ ಬಂದಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ಭಾರತೀಯ ಮಾನಕದ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ, ಬಳಿಕ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಪಾವಗಡದ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ದಶಕಗಳ ಕಾಲ ಅಚ್ಚಾದದ್ದು ಬಹುತೇಕ ಇದೇ ಕಾರಣಕ್ಕೆ. ತುಂಗಭದ್ರಾ ಜಲಾಶಯದ ಹಿನ್ನೀರನ್ನು ಇಲ್ಲಿಗೆ ತರುವ ಯೋಜನೆ ರೂಪುಗೊಂಡದ್ದೂ ಇದಕ್ಕಾಗಿಯೇ.

ಬಿಸಿಲಿನ ಗುತ್ತಿಗೆ

ಪಾವಗಡದಿಂದ ಈಶಾನ್ಯಕ್ಕೆ, ನಾಗಲಮಡಿಕೆ ಹೋಬಳಿಯತ್ತ ಹೊರಳಿದಾಗ ನೋಟ ಒಮ್ಮೆಲೇ ಬದಲಾಗುತ್ತದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆಗೊಂಡ ಈ ‘ಶಕ್ತಿಸ್ಥಳ’ 2019ರ ಡಿಸೆಂಬರ್ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿತು. ಇದರ ವಿಶೇಷವೆಂದರೆ ಭೂಸ್ವಾಧೀನವೇ ನಡೆಯಲಿಲ್ಲ. ರೈತರು ಜಮೀನಿನ ಒಡೆತನ ಉಳಿಸಿಕೊಂಡು 28 ವರ್ಷಗಳಿಗೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ.

ಶೇಂಗಾ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಲೆಕ್ಕವನ್ನು ಕೊನೆಯವರೆಗೂ ಮಾಡಬೇಕು. ಈ ದರದಲ್ಲಿ 28ನೇ ವರ್ಷಕ್ಕೆ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ಅಂದರೆ ವರ್ಷಕ್ಕೆ ಶೇ. 2.5ರ ಆಸುಪಾಸಿನ ಹೆಚ್ಚಳ. ಬೆಲೆಯೇರಿಕೆ ಇದಕ್ಕಿಂತ ವೇಗವಾಗಿಯೇ ಓಡುತ್ತದೆ. ಇನ್ನು ಪಹಣಿಯಲ್ಲಿ ಹೆಸರೇ ಇಲ್ಲದ ಕೂಲಿಕಾರರಿಗೆ ಗುತ್ತಿಗೆಯ ಹಣವಿಲ್ಲ, ಕಳೆ ತೆಗೆಯುವ, ಕಾಯಿ ಬಿಡಿಸುವ ಕೆಲಸವೂ ಹೋಯಿತು. ಕುರಿಗಾರರಿಗೆ ಬೇಲಿ ಅಡ್ಡವಾಯಿತು. ಯೋಜನೆಯ ಯಶಸ್ಸನ್ನು ಮೆಗಾವಾಟಿನಲ್ಲಿ ಮಾತ್ರ ಅಳೆಯುವವರು ಈ ಮನೆಗಳನ್ನೂ ಎಣಿಸಬೇಕು.

ಬಂಗಾರ ಮುಗಿದ ಊರು

ಸೌರ ಉದ್ಯಾನದಿಂದ ಹೆಚ್ಚು ದೂರವಿಲ್ಲದ ರಾಮಗಿರಿ ಈಗ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕೋಲಾರ, ಹಟ್ಟಿಗಳಂತೆಯೇ ಇಲ್ಲಿಯೂ ಪುರಾತನ ಶಿಸ್ಟ್ ಶಿಲೆಯ ಕಿರಿದಾದ ಪಟ್ಟಿಯೊಂದು ಹಾದುಹೋಗಿದ್ದು, ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. ಹೆಸರಿಲ್ಲದ ಪ್ರಾಚೀನರು ಅಗೆದ ಗುಂಡಿಗಳನ್ನೇ ಅನುಸರಿಸಿ 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿ ಗಣಿ ತೆರೆಯಿತು, ಕೆಲವು ವರ್ಷಗಳಲ್ಲಿ ಬಿಟ್ಟುಹೋಯಿತು. ದಶಕಗಳ ನಂತರ ಕೆಜಿಎಫ್ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯೇ ಇಲ್ಲಿ ಮತ್ತೆ ಗಣಿಗೆ ಇಳಿಯಿತು. 2001ರಲ್ಲಿ ಆ ಸಂಸ್ಥೆಯ ಬಾಗಿಲು ಮುಚ್ಚಿದಾಗ ಕೆಜಿಎಫ್‌ನ ಸಾವಿರಾರು ಕುಟುಂಬಗಳ ಗೋಳು ಸುದ್ದಿಯಾಯಿತು, ರಾಮಗಿರಿಯದು ಸುದ್ದಿಯಾಗಲಿಲ್ಲ. ಇಂದು ಅಲ್ಲಿಯ ಗುಡ್ಡಗಳ ಗುರುತು ಗಾಳಿಯಂತ್ರಗಳು. ಹಳೆಯ ಗಣಿಯ ಬಾವಿಗಳ ಸಮೀಪ ಸುಳಿಯದಿರುವುದು ಪ್ರವಾಸಿಗರಿಗೆ ಕ್ಷೇಮ. ಒಂದೇ ಸಂಸ್ಥೆಯ ಕೈಯಲ್ಲಿದ್ದ ಎರಡೂ ಊರು ಸೊರಗಿದರೆ, ರಾಜ್ಯ ಸರ್ಕಾರದ ಹಟ್ಟಿ ಮಾತ್ರ ಇಂದಿಗೂ ಚಿನ್ನ ತೆಗೆಯುತ್ತಿರುವುದು ಗಮನಾರ್ಹ.

ಹಗರಿಯ ಮರಳು

ಕಲ್ಯಾಣದುರ್ಗ ದಾಟಿ ರಾಯದುರ್ಗಕ್ಕೆ ಬಂದರೆ ಕನ್ನಡ ಮತ್ತೆ ಕಿವಿಗೆ ಬೀಳುತ್ತದೆ. 1953ರ ಅಕ್ಟೋಬರ್ 1ರವರೆಗೆ ಇದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರುಗಳೊಡನೆ ಆ ಕಡೆಗೆ ಹೋಯಿತು. ಇಲ್ಲಿಂದ ಮುಂದೆ ಕಣೇಕಲ್ಲು, ಬೊಮ್ಮನಹಾಳ್ ಸುತ್ತಮುತ್ತ ಹೊಲಗಳ ನಡುವೆಯೇ ನಿಜವಾದ ಮರಳುದಿಬ್ಬಗಳು ಎದ್ದಿವೆ. ಈ ಮರಳನ್ನು ತಂದದ್ದು ವೇದಾವತಿ, ಈ ಭಾಗದ ಹೆಸರಿನಲ್ಲಿ ಹಗರಿ. ನದಿಪಾತ್ರ ಒಣಗಿರುವಾಗ ಮುಂಗಾರಿನ ಬಿರುಗಾಳಿ ಪಶ್ಚಿಮದಿಂದ ಬೀಸಿ ಮರಳನ್ನು ಎತ್ತಿ ಪೂರ್ವದ ದಂಡೆಯ ಮೇಲೆ ಸುರಿಯುತ್ತದೆ. ಹಾಗಾಗಿ ಹಾನಿಯೂ ಪೂರ್ವದ ಊರುಗಳಿಗೇ ಹೆಚ್ಚು. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳಲ್ಲಿಯೂ ಈ ಹಾವಳಿಯ ಉಲ್ಲೇಖವಿದೆ.

1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಸಿದ್ಧವಾದ ನಂತರ ನೀರು ಮೇಲೆಯೇ ನಿಲ್ಲತೊಡಗಿತು. 1933ರ ತರುವಾಯ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನ ತೋಟಗಳಿಗೆ ವರವಾದ ಅಣೆಕಟ್ಟೆಯ ಕೆಳಗೆ ನದಿ ಎಷ್ಟು ವರ್ಷ ಒಣಗಿರಬೇಕೆಂದು ಓದುಗರೇ ಊಹಿಸಬಹುದು.

ದಿಬ್ಬಗಳನ್ನು ನೋಡಲು ಚಳಿಗಾಲದ ಬೆಳಗಿನ ಹೊತ್ತು ಒಳ್ಳೆಯದು. ಜೂನ್, ಜುಲೈಗಳಲ್ಲಿ ಹಾರುವ ಮರಳು ಕಣ್ಣು ತೆರೆಯಲು ಬಿಡದು. ಪೆಟ್ರೋಲನ್ನು ಪಾವಗಡ ಅಥವಾ ರಾಯದುರ್ಗದಲ್ಲಿಯೇ ತುಂಬಿಸಿಕೊಳ್ಳಬೇಕು, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ರೈಲಿನಲ್ಲಿಯೇ ಈ ಹಾದಿ ಕ್ರಮಿಸುವ ಆಸೆಯುಳ್ಳವರು ಇನ್ನೂ ಕಾಯಬೇಕು: ಮಧುಗಿರಿ, ಪಾವಗಡಗಳ ಮೂಲಕ ಹಾಯುವ 207 ಕಿಲೋಮೀಟರ್ ಉದ್ದದ ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007-08ರಲ್ಲಿ, ಒಂದೂವರೆ ದಶಕ ಕಳೆದ ಮೇಲೂ ಅದರ ಕಾಮಗಾರಿ ನಡೆದೇ ಇತ್ತು.